ಬೆಂಗಳೂರಿನಲ್ಲಿ ಆಟ-ಚಿಕಿತ್ಸೆ ಬೆಳೆದು ಬಂದ ದಾರಿ

ಮನಸ್ಸಿಗೆ ಪೆಟ್ಟು ಬಿದ್ದ ಮಗುವಿಗೆ ಮಾತಿನ ಬದಲು ಆಟದ ಮೂಲಕ ಕೊಡುವ ಚಿಕಿತ್ಸೆಯೇ ಆಟ-ಚಿಕಿತ್ಸೆ. ಮುಖ್ಯವಾಗಿ ಮೂರು ವರ್ಷದಿಂದ ಹನ್ನೊಂದು-ಹನ್ನೆರಡು ವರ್ಷದವರೆಗಿನ ಮಕ್ಕಳಿಗಾಗಿ ಇದು ರೂಪುಗೊಂಡಿದೆ. ಶಾಲೆಯಲ್ಲಿ ಬಾಯಿ ಬಿಡದ ಮಗು, ಅಮ್ಮ ಕಣ್ಮರೆಯಾದರೆ ಉಸಿರುಗಟ್ಟುವಂತೆ ಅಳುವ ಮಗು, ಕಾರಣ ಕಾಣದ ಹೊಟ್ಟೆನೋವು ಹೇಳುವ ಮಗು, ಜೊತೆಯವರಿಗೆ ಹೊಡೆಯುವ ಮಗು, ಮನೆಯಲ್ಲಿ ಸಾವು, ಜಗಳ, ಅಪಘಾತ ಅಥವಾ ದೌರ್ಜನ್ಯ ಕಂಡ ಮಗು, ಇವರೆಲ್ಲ ಈ ಚಿಕಿತ್ಸೆಗೆ ಬರುತ್ತಾರೆ. ಏನಾಯಿತು ಎಂದು ಕೇಳಿದರೆ ಹೇಳುವಷ್ಟು ಮಾತು ಈ ವಯಸ್ಸಿನಲ್ಲಿ ಇರುವುದಿಲ್ಲ. ಮಾತಿದ್ದರೂ ಹೇಳುವ ಧೈರ್ಯ ಇರುವುದಿಲ್ಲ. ಗೊಂಬೆಯ ಬಾಯಲ್ಲಿ ಹೇಳಿಸುವುದಕ್ಕೆ ಮಗು ಹೆದರುವುದಿಲ್ಲ. ಒಂದು ಕಾಲಕ್ಕೆ ಬೆಂಗಳೂರಿನ ಒಂದು ದೊಡ್ಡ ಸರ್ಕಾರಿ ಆಸ್ಪತ್ರೆಯೊಳಗೆ ಮಾತ್ರ ಪರಿಚಯವಿದ್ದ ಈ ಪದ್ಧತಿಯನ್ನು ಇಂದು ಮಹಾಲಕ್ಷ್ಮಿ ಲೇಔಟ್, ರಾಜಾಜಿನಗರ, ಬಸವೇಶ್ವರನಗರದಂಥ ಬಡಾವಣೆಗಳ ತಂದೆ-ತಾಯಿಯರೂ ಕೇಳಿ ಬಲ್ಲರು.

ಮಗುವಿನ ಆಟಿಕೆಗೂ ಅದರ ಮನಸ್ಸಿನ ನೆಮ್ಮದಿಗೂ ನಂಟಿದೆ ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ. ಚರಕಸಂಹಿತೆಯ ಶಾರೀರಸ್ಥಾನದ 8ನೇ ಅಧ್ಯಾಯದಲ್ಲಿ ಕೂಸಿನ ಕೋಣೆ ಹೇಗಿರಬೇಕು, ಆಟಿಕೆ ಹೇಗಿರಬೇಕು ಎಂಬ ವಿವರ ಸಿಗುತ್ತದೆ. ಆಟಿಕೆಗಳು ಬಗೆಬಗೆಯಾಗಿರಬೇಕು, ಸದ್ದು ಮಾಡಬೇಕು, ಕಣ್ಣಿಗೆ ಚೆಂದ ಕಾಣಬೇಕು, ಹಗುರವಾಗಿರಬೇಕು. ತುದಿ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು, ಜೀವಕ್ಕೆ ಕುತ್ತು ತರಬಾರದು, ಮಗುವನ್ನು ಹೆದರಿಸಬಾರದು. ಇಂದಿನ ಆಟಿಕೆ ತಯಾರಕರಿಗೆ ವಿಧಿಸುವ ಸುರಕ್ಷತಾ ನಿಯಮಗಳಲ್ಲೂ ಇವುಗಳಲ್ಲಿ ಕೆಲವು ಕಾಣುತ್ತವೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ: ಮಗು ಅತ್ತರೆ, ಊಟ ಒಲ್ಲೆ ಎಂದರೆ, ರಾಕ್ಷಸ ಪಿಶಾಚಿಗಳ ಹೆಸರು ಹೇಳಿ ಹೆದರಿಸಕೂಡದು. ಗುಮ್ಮ ಬರುತ್ತಾನೆ ಎಂದು ತುತ್ತು ಉಣಿಸುವ ರೂಢಿ ಇನ್ನೂ ಬಿಟ್ಟುಹೋಗದ ಮನೆಗಳಲ್ಲಿ ಈ ಮಾತಿಗೆ ಈಗಲೂ ಬೆಲೆಯಿದೆ.

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಆಟಕ್ಕೆ ಕೊರತೆ ಇರಲಿಲ್ಲ. ಜಗುಲಿಯ ಮೇಲೆ ಚೌಕಾಬಾರ, ಅಳಗುಳಿಮನೆ. ಬೀದಿಯಲ್ಲಿ ಲಗೋರಿ, ಚಿನ್ನಿದಾಂಡು, ಗೋಲಿ, ಬುಗುರಿ, ಕುಂಟೆಬಿಲ್ಲೆ. ಹಿತ್ತಿಲಲ್ಲಿ ತೆಂಗಿನ ಚಿಪ್ಪಿನ ಪಾತ್ರೆಯಿಟ್ಟು ಅಡುಗೆ ಆಟ. ದಸರೆಯಲ್ಲಿ ಪಟ್ಟದ ಗೊಂಬೆ ಕೂರಿಸಿದಾಗ ಮಕ್ಕಳು ಗೊಂಬೆಗಳಿಗೆ ಮದುವೆ ಮಾಡುತ್ತಿದ್ದರು. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಗೊಂಬೆ, ಗಿರಗಟ್ಟೆ, ಗಾಡಿಗಳು ಜಾತ್ರೆಯಿಂದ ಮನೆಗೆ ಬರುತ್ತಿದ್ದವು. ಅಡುಗೆ ಆಟದಲ್ಲಿ ಅಮ್ಮನಾದ ಹುಡುಗಿ ಗೊಂಬೆಗೆ ಗದರುವ ರೀತಿಯಲ್ಲೇ ಆ ಮನೆಯ ಗದರಿಕೆ ಕೇಳಿಸುತ್ತಿತ್ತು. ಕೇಳಿಸಿಕೊಂಡ ದೊಡ್ಡವರು ನಕ್ಕು ಸುಮ್ಮನಾಗುತ್ತಿದ್ದರು. ಹಿಂದಿನ ಮಕ್ಕಳಿಗೆ ಮನೋವೇದನೆಯೇ ಇರಲಿಲ್ಲ, ಬೀದಿಯಾಟವೇ ಎಲ್ಲವನ್ನೂ ವಾಸಿಮಾಡುತ್ತಿತ್ತು ಎನ್ನುವುದು ಮಾತ್ರ ಸರಿಯಲ್ಲ. ಆಟದಿಂದ ಮಗುವಿಗೆ ಹಗುರಾಗುತ್ತಿತ್ತು, ನಿಜ. ಆದರೆ ಆ ಆಟದಲ್ಲಿ ಏನು ಹೊರಬರುತ್ತಿದೆ ಎಂದು ಕೂತು ನೋಡುವವರು ಇರಲಿಲ್ಲ. ಚಿಕಿತ್ಸೆ ಶುರುವಾಗುವುದು ಹಾಗೆ ನೋಡುವುದರಿಂದ.

ಆ ಕೆಲಸ ಶಾಸ್ತ್ರವಾಗಿ ಬೆಳೆದದ್ದು ಯುರೋಪಿನಲ್ಲಿ. ವಿಯೆನ್ನಾದ ಹರ್ಮೀನ್ ಹುಗ್-ಹೆಲ್ಮುತ್ ಮಕ್ಕಳ ಮನೋವಿಶ್ಲೇಷಣೆಯಲ್ಲಿ ಆಟವನ್ನು ಬಳಸಿದ ಮೊದಲಿಗರಲ್ಲಿ ಒಬ್ಬರು. 1920ರ ದಶಕದಲ್ಲಿ ಮೆಲನಿ ಕ್ಲೈನ್ ಮತ್ತು ಆನಾ ಫ್ರಾಯ್ಡ್ ಇದೇ ವಿಷಯಕ್ಕೆ ಎದುರುಬದುರಾದರು. ದೊಡ್ಡವರ ಮಾತಿಗೆ ಇರುವಷ್ಟೇ ಅರ್ಥ ಮಗುವಿನ ಆಟದ ಪ್ರತಿ ನಡೆಗೂ ಇದೆ ಎಂದು ಕ್ಲೈನ್ ವಾದಿಸಿದರು. ಆಟ ಇರುವುದು ಮೊದಲು ಮಗುವಿನ ವಿಶ್ವಾಸ ಗಳಿಸುವುದಕ್ಕೆ, ಎಲ್ಲದಕ್ಕೂ ಅರ್ಥ ಕಟ್ಟಬಾರದು ಎಂದು ಆನಾ ಫ್ರಾಯ್ಡ್ ಹೇಳಿದರು. 1928ರಲ್ಲಿ ಲಂಡನ್ನಿನಲ್ಲಿ ಮಕ್ಕಳ ಕ್ಲಿನಿಕ್ ತೆರೆದ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ ಮರಳಿನ ತಟ್ಟೆಯನ್ನೂ ಪುಟ್ಟ ಮನುಷ್ಯರು, ಮನೆ, ಮರ, ಪ್ರಾಣಿಗಳ ಗೊಂಬೆಗಳನ್ನೂ ಇಟ್ಟು, ಮಗು ತನ್ನ ಲೋಕವನ್ನು ತಾನೇ ಕಟ್ಟಲಿ ಎಂದು ಬಿಟ್ಟರು. ಎಚ್. ಜಿ. ವೆಲ್ಸ್ 1911ರಲ್ಲಿ ನೆಲದಾಟಗಳ ಬಗ್ಗೆ ಬರೆದ ಪುಸ್ತಕ ಅವರಿಗೆ ಪ್ರೇರಣೆಯಾಗಿತ್ತು. ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್ ಅದನ್ನು ಮುಂದುವರಿಸಿದರು. ಅವರು ಬಳಸಿದ ತಟ್ಟೆಯ ಅಳತೆಯೇ ಈಗಲೂ ಚಾಲ್ತಿಯಲ್ಲಿದೆ: ಸುಮಾರು 72 ಸೆಂ.ಮೀ. ಉದ್ದ, 57 ಸೆಂ.ಮೀ. ಅಗಲ, 7 ಸೆಂ.ಮೀ. ಆಳ. ಒಳಮೈಗೆ ನೀಲಿ ಬಣ್ಣ. ಮರಳು ಸರಿಸಿದರೆ ನೀರು ಕಂಡಂತೆ ಕಾಣಬೇಕು.

ಅಮೆರಿಕದಲ್ಲಿ ವರ್ಜೀನಿಯಾ ಆಕ್ಸ್‌ಲೈನ್ 1947ರಲ್ಲಿ ಪ್ರಕಟಿಸಿದ ಪುಸ್ತಕ ಇಡೀ ಪದ್ಧತಿಯ ದಿಕ್ಕನ್ನೇ ಬದಲಿಸಿತು. ಅವರು ಎಂಟು ಸೂತ್ರಗಳನ್ನು ಕೊಟ್ಟರು. ಅವುಗಳ ತಿರುಳು ಇಷ್ಟು: ಮಗುವನ್ನು ಇದ್ದಂತೆ ಒಪ್ಪಬೇಕು, ಅವಸರ ಮಾಡಬಾರದು, ಮುಂದೆ ನಡೆಯುವುದು ಮಗು, ಹಿಂದೆ ಹೋಗುವುದು ಚಿಕಿತ್ಸಕ. ಮಿತಿಗಳು ತೀರಾ ಬೇಕಾದಷ್ಟು ಮಾತ್ರ. ಬೆಂಗಳೂರಿನ ಆಟದ ಕೋಣೆಗಳಲ್ಲಿ ಮುಂದೆ ನಡೆದ ಬಹುಪಾಲು ಕೆಲಸಕ್ಕೆ ಆಕ್ಸ್‌ಲೈನ್ ಹಾಕಿಕೊಟ್ಟ ದಾರಿಯೇ ಆಧಾರ.

ಕನ್ನಡನಾಡಿನಲ್ಲಿ ಇದಕ್ಕೆ ನೆಲ ಹದವಾದದ್ದು ಬೇರೆ ಬೇರೆ ಕಡೆಗಳಿಂದ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ, ಮುಂದೆ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದವರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳಿಗೆ ಆಟ, ಕುಣಿತ, ನಾಟಕದ ಮೂಲಕವೇ ಕಲಿಸುವ ಪ್ರಯೋಗ ಮಾಡಿದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮ ಕಟ್ಟಿದ ಮಕ್ಕಳ ಕೂಟ, ಮಕ್ಕಳಿಗೆ ಶಾಲೆಯ ಆಚೆ ಆಡಿ ಹಾಡುವ ಜಾಗ ಕೊಟ್ಟಿತು. ಇವು ಯಾವುವೂ ಚಿಕಿತ್ಸೆಯಲ್ಲ. ಆದರೆ ಮಗುವಿನ ಆಟಕ್ಕೆ ತನ್ನದೇ ಗಾಂಭೀರ್ಯ ಇದೆ ಎಂದು ದೊಡ್ಡವರು ಒಪ್ಪದ ಕಡೆ ಆಟ-ಚಿಕಿತ್ಸೆ ಬೇರು ಬಿಡಲಾರದು. ಮನಶ್ಶಾಸ್ತ್ರವನ್ನು ಕನ್ನಡದಲ್ಲಿ ಓದುವಂತೆ ಮಾಡಿದ ವೈದ್ಯ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅನಂತರ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಾದ ನಿಮ್ಹಾನ್ಸ್‌ನ ಸಿ. ಆರ್. ಚಂದ್ರಶೇಖರ್ ನೂರಾರು ಸಣ್ಣ ಪುಸ್ತಕಗಳ ಮೂಲಕ ಅದೇ ಕೆಲಸವನ್ನು ಮನೆಮನೆಗೆ ಮುಟ್ಟಿಸಿದರು.

ಭಾರತದಲ್ಲಿ ಮಕ್ಕಳ ಮಾರ್ಗದರ್ಶನ ಕ್ಲಿನಿಕ್ ಮೊದಲು ಕಾಣಿಸಿಕೊಂಡದ್ದು 1937ರಲ್ಲಿ, ಮುಂಬಯಿಯ ಟಾಟಾ ಸಮಾಜಕಾರ್ಯ ಶಾಲೆಯ ಆಶ್ರಯದಲ್ಲಿ. ಅದೇ ಹೊತ್ತಿಗೆ ಬೆಂಗಳೂರಿನ ಮಾನಸಿಕ ಆಸ್ಪತ್ರೆ ಪೇಟೆಯ ಇಕ್ಕಟ್ಟಿನಿಂದ ಲಕ್ಕಸಂದ್ರದ ವಿಶಾಲ ಆವರಣಕ್ಕೆ ಬಂದಿತ್ತು. 19ನೇ ಶತಮಾನದ ಹುಚ್ಚಾಸ್ಪತ್ರೆಯಾಗಿ ಹುಟ್ಟಿ, 1925ರಲ್ಲಿ ಹೆಸರು ಬದಲಿಸಿಕೊಂಡಿದ್ದ ಈ ಸಂಸ್ಥೆಯ ಜೊತೆಗೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮನೋವೈದ್ಯರಿಗೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೂ ಇಲ್ಲಿ ಒಟ್ಟಿಗೇ ತರಬೇತಿ ಸಿಕ್ಕಿತು. ಈ ಎರಡು ಕಸುಬುಗಳು ಒಂದೇ ಸೂರಿನಡಿ ಬೆಳೆಯದಿದ್ದರೆ ಮಕ್ಕಳ ವಿಭಾಗ ಇಲ್ಲಿ ಆ ರೂಪ ತಾಳುತ್ತಿರಲಿಲ್ಲ. 1974ರ ಡಿಸೆಂಬರ್ 27ರಂದು ಆಸ್ಪತ್ರೆ ಮತ್ತು ಸಂಸ್ಥೆ ಸೇರಿ ನಿಮ್ಹಾನ್ಸ್ ಆಯಿತು.

ಈ ಆವರಣದಲ್ಲಿ ಆದ ಒಂದು ಬದಲಾವಣೆಯನ್ನು ಸ್ವಲ್ಪ ನಿಂತು ನೋಡಬೇಕು. ಪಶ್ಚಿಮದ ಮಾನಸಿಕ ಆಸ್ಪತ್ರೆಗಳು ರೋಗಿಯನ್ನು ಮನೆಯವರಿಂದ ಬೇರೆ ಮಾಡುತ್ತಿದ್ದ ಕಾಲದಲ್ಲಿ, ಅಮೃತಸರ, ವೆಲ್ಲೂರು ಮತ್ತು ಬೆಂಗಳೂರಿನಲ್ಲಿ ಮನೆಯವರನ್ನೂ ಜೊತೆಗೆ ಉಳಿಸಿಕೊಳ್ಳುವ ಪದ್ಧತಿ ಶುರುವಾಯಿತು. ಮಕ್ಕಳ ವಾರ್ಡಿನಲ್ಲಿ ಇದರ ಫಲ ಎದ್ದು ಕಾಣುತ್ತದೆ. ಮಗುವಿನ ಜೊತೆ ಅಮ್ಮನೋ ಅಜ್ಜಿಯೋ ಇದ್ದೇ ಇರುತ್ತಾರೆ. ಚಿಕಿತ್ಸಕಿ ಮಗುವಿನ ಜೊತೆ ಆಡುವುದನ್ನು ಅವರು ನೋಡುತ್ತಾರೆ, ಕಲಿಯುತ್ತಾರೆ, ಊರಿಗೆ ಹೋದಮೇಲೆ ಮುಂದುವರಿಸುತ್ತಾರೆ. ಆಟ-ಚಿಕಿತ್ಸೆಗೆ ಬೆಂಗಳೂರು ಕೊಟ್ಟ ಕೊಡುಗೆ ಯಾವುದು ಎಂದರೆ ಮೊದಲು ಹೇಳಬೇಕಾದದ್ದು ಇದನ್ನೇ.

ನಿಮ್ಹಾನ್ಸ್‌ನ ಚಿಕಿತ್ಸಾ ಮನಶ್ಶಾಸ್ತ್ರ ವಿಭಾಗದಲ್ಲಿ ದಶಕಗಳ ಕಾಲ ದುಡಿದ ಮಾಳವಿಕಾ ಕಪೂರ್ ಅವರ ಹೆಸರು ಈ ಚರಿತ್ರೆಯ ನಡುವಿನಲ್ಲಿದೆ. 1970ರ ದಶಕದ ಕೊನೆಯಲ್ಲಿ ಅವರೂ ಸಹೋದ್ಯೋಗಿಗಳೂ ಬೆಂಗಳೂರಿನ ಶಾಲಾ ಶಿಕ್ಷಕರಿಗೆ ಮಕ್ಕಳ ಮನೋಕ್ಲೇಶ ಗುರುತಿಸುವ ತರಬೇತಿ ಕೊಡತೊಡಗಿದರು. ಗಲಾಟೆ ಮಾಡುವ ಮಗು ತಾನಾಗಿ ಶಿಕ್ಷಕರ ಕಣ್ಣಿಗೆ ಬೀಳುತ್ತದೆ. ಮೂಲೆಯಲ್ಲಿ ಸುಮ್ಮನೆ ಕೂತ ಮಗು ಬೀಳುವುದಿಲ್ಲ. ಆ ಎರಡನೆಯ ಮಗುವನ್ನು ಕಾಣುವಂತೆ ಮಾಡುವುದು ತರಬೇತಿಯ ಒಂದು ಗುರಿ. ಮುಂದೆ ಕಪೂರ್ ಗ್ರಾಮೀಣ ಶಾಲೆಗಳ ಮಕ್ಕಳ ಜೊತೆಗೂ ಕೆಲಸ ಮಾಡಿದರು, ಪ್ರಾಚೀನ ಭಾರತದ ಶಿಶುಪಾಲನೆಯ ಗ್ರಂಥಗಳನ್ನು ಬೆಳವಣಿಗೆಯ ಮನಶ್ಶಾಸ್ತ್ರದ ಕಣ್ಣಿನಿಂದ ಓದಿದರು. ಚರಕನ ಆಟಿಕೆಗಳನ್ನೂ ಆಕ್ಸ್‌ಲೈನ್‌ಳ ಆಟದ ಕೋಣೆಯನ್ನೂ ಒಟ್ಟಿಗೆ ನೋಡುವುದು ಸಾಧ್ಯವಾದದ್ದು ಇಂಥ ಓದಿನಿಂದ.

ಆಟದ ಕೋಣೆಯೊಳಗೆ ಏನು ನಡೆಯುತ್ತದೆ ಎಂಬುದು ಹೊರಗಿನವರಿಗೆ ತಿಳಿಯುವುದು ಕಡಿಮೆ. ಕೋಣೆ ದೊಡ್ಡದಿರಬೇಕಿಲ್ಲ. ಗೊಂಬೆಮನೆ, ಅಪ್ಪ ಅಮ್ಮ ಅಜ್ಜಿ ತಾತ ಪಾಪು ಗೊಂಬೆಗಳು, ಅಡುಗೆ ಸಾಮಾನು, ಡಾಕ್ಟರ್ ಸೆಟ್ಟು, ಪೊಲೀಸು, ಆಂಬುಲೆನ್ಸು, ಆಟೊ, ಹಸು, ಹುಲಿ, ಹಾವು, ಜೇಡಿಮಣ್ಣು, ಬಣ್ಣದ ಕಡ್ಡಿ, ಮರಳಿನ ತಟ್ಟೆ. ಬ್ಯಾಟರಿ ಹಾಕಿ ತಾನೇ ಕುಣಿಯುವ ಗೊಂಬೆಗಳು ಕಡಿಮೆ. ಆಟಿಕೆ ತಾನೇ ಎಲ್ಲ ಮಾಡಿಬಿಟ್ಟರೆ ಮಗುವಿಗೆ ಮಾಡಲು ಏನೂ ಉಳಿಯುವುದಿಲ್ಲ. ವಾರಕ್ಕೊಮ್ಮೆ, ಮುಕ್ಕಾಲು ಗಂಟೆ, ಅದೇ ಕೋಣೆ, ಅದೇ ಮನುಷ್ಯ, ಆಟಿಕೆಗಳು ಅದೇ ಜಾಗದಲ್ಲಿ. ಬದುಕು ಅಲುಗಾಡಿಹೋದ ಮಗುವಿಗೆ ಇಷ್ಟು ಖಚಿತವಾದದ್ದು ಒಂದು ಸಿಕ್ಕರೆ ಅದೇ ಅರ್ಧ ಔಷಧ.

ತಾತ ತೀರಿಕೊಂಡ ಮೇಲೆ ಶಾಲೆಯಲ್ಲಿ ಮಾತು ನಿಲ್ಲಿಸಿದ ಆರು ವರ್ಷದ ಹುಡುಗನ ಪ್ರಸಂಗವನ್ನು ಇಟ್ಟುಕೊಂಡು ನೋಡಬಹುದು; ಇಂಥವು ಸಾಮಾನ್ಯ. ಮೊದಲ ಎರಡು ವಾರ ಅವನು ಬಾಗಿಲ ಬಳಿಯೇ ನಿಲ್ಲುತ್ತಾನೆ. ಚಿಕಿತ್ಸಕಿ ಕರೆಯುವುದಿಲ್ಲ, ಪುಸಲಾಯಿಸುವುದಿಲ್ಲ. ಮೂರನೆಯ ವಾರ ಆಂಬುಲೆನ್ಸು ತೆಗೆದು ಮರಳಲ್ಲಿ ಹೂಳುತ್ತಾನೆ, ತೆಗೆಯುತ್ತಾನೆ, ಮತ್ತೆ ಹೂಳುತ್ತಾನೆ. “ಗಾಡಿ ಮತ್ತೆ ಒಳಗೆ ಹೋಯ್ತು,” ಎಂದಷ್ಟೇ ಆಕೆ ಹೇಳುತ್ತಾಳೆ. ಯಾಕೆ ಹೂತೆ ಎಂದು ಕೇಳುವುದಿಲ್ಲ. ಇನ್ನೊಂದು ವಾರ ಅವನು ತಾತನ ಗೊಂಬೆಯನ್ನು ಗಾಡಿಯಲ್ಲಿ ಮಲಗಿಸಿ, ಗಾಡಿ ನಿಧಾನವಾಗಿ ಹೋಗುತ್ತಿದೆ ಎಂದು ತೋರಿಸುತ್ತಾನೆ. “ಬೇಗ ಹೋಗಲಿಲ್ಲ. ಅದಕ್ಕೆ ಸಿಟ್ಟು ಬಂದಿದೆ,” ಎಂದು ಆಕೆ ಹೇಳಿದಾಗ ಗಾಡಿಯನ್ನು ಗೋಡೆಗೆ ಎಸೆಯುತ್ತಾನೆ; ಅವಳತ್ತಲೂ ಏನಾದರೂ ಎಸೆಯಲು ಕೈ ಎತ್ತುತ್ತಾನೆ. ಮಿತಿ ಬರುವುದು ಇಲ್ಲಿ: “ನಿಂಗೆ ತುಂಬಾ ಸಿಟ್ಟು ಬಂದಿದೆ. ನನಗೆ ಎಸೆಯೋ ಹಾಗಿಲ್ಲ. ಆ ದಿಂಬಿಗೆ ಎಸಿಬಹುದು.” ಮೂರು ಪುಟ್ಟ ವಾಕ್ಯ. ಸಿಟ್ಟನ್ನು ಒಪ್ಪಿದ್ದಾಯಿತು, ಗೆರೆ ಎಳೆದದ್ದಾಯಿತು, ಬೇರೆ ದಾರಿ ತೋರಿಸಿದ್ದಾಯಿತು. ಬೈಗುಳ ಇಲ್ಲ, ಉಪದೇಶ ಇಲ್ಲ. ಹೀಗೆ ವಾರಗಳು ಕಳೆದಂತೆ ಆಟ ಮುಂದೆ ಸರಿಯುತ್ತದೆ: ಗಾಡಿ ಆಸ್ಪತ್ರೆ ಮುಟ್ಟುತ್ತದೆ, ತಾತ ಬರುವುದಿಲ್ಲ, ಉಳಿದ ಗೊಂಬೆಗಳು ಊಟಕ್ಕೆ ಕೂರುತ್ತವೆ. ತನ್ನ ತಪ್ಪಿನಿಂದ ತಾತ ಸತ್ತನೆಂಬ ಹೆದರಿಕೆ ಅವನಲ್ಲಿ ಇದ್ದದ್ದೇ ಆದರೆ, ಅದು ಹೊರಬರುವುದು ಇಂಥ ಆಟದಲ್ಲೇ. ಒಂದೇ ಆಟ ತಿಂಗಳುಗಟ್ಟಲೆ ಒಂದಿಷ್ಟೂ ಬದಲಾಗದೆ ತಿರುತಿರುಗಿ ಬಂದರೆ ಗಾಯ ಮಾಗುತ್ತಿಲ್ಲ ಎಂದು ತಿಳಿದು, ಚಿಕಿತ್ಸಕಿ ತನ್ನ ದಾರಿ ಬದಲಿಸಬೇಕಾಗುತ್ತದೆ.

ಆಸ್ಪತ್ರೆಯ ಕೋಣೆಯಿಂದ ಈ ಪದ್ಧತಿ ಹೊರಗೆ ಬಂದದ್ದು ದೊಡ್ಡ ದುರಂತಗಳ ಕಾಲದಲ್ಲಿ. 2004ರ ಡಿಸೆಂಬರ್ ಸುನಾಮಿಯ ನಂತರ ನಿಮ್ಹಾನ್ಸ್‌ನವರು ಬದುಕುಳಿದವರ ನಡುವೆ ಕೆಲಸ ಮಾಡಿದರು. ಅಂಥ ಕಡೆ ಗುಂಪಿನಲ್ಲಿ ಆಡಿಸುವುದು, ಚಿತ್ರ ಬರೆಸುವುದು, ಕಥೆ ಕಟ್ಟಿಸುವುದು ಮುಖ್ಯವಾಗುತ್ತದೆ. ಮಕ್ಕಳ ಮನೋವೈದ್ಯ ಶೇಖರ್ ಶೇಷಾದ್ರಿ ರಂಗಭೂಮಿ, ಕಥೆ, ಆಟಗಳನ್ನು ಚಿಕಿತ್ಸೆಯ ಸಾಧನಗಳಾಗಿ ಬೆಳೆಸಿದರು. 2012ರಲ್ಲಿ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಬಂದ ಮೇಲೆ ದೌರ್ಜನ್ಯಕ್ಕೆ ಒಳಗಾದ ಮಕ್ಕಳು ಪೊಲೀಸರ ಮುಂದೆ, ನ್ಯಾಯಾಲಯದ ಮುಂದೆ ಮಾತಾಡಬೇಕಾಯಿತು. ಅವರೊಡನೆ ಮಾತಾಡುವ ಬಗೆಯನ್ನು ಕಲಿಯಬೇಕಾದದ್ದು ದೊಡ್ಡವರು. ಇಲ್ಲಿ ಒಂದು ಗೆರೆ ಸ್ಪಷ್ಟವಾಗಿರಬೇಕು. ಸಾಕ್ಷ್ಯಕ್ಕಾಗಿ ಕೇಳುವುದು ಬೇರೆ, ವಾಸಿಮಾಡಲು ಆಡುವುದು ಬೇರೆ. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. 2020ರಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ನೆರವಿನಿಂದ ನಿಮ್ಹಾನ್ಸ್‌ನಲ್ಲಿ ‘ಸಂವಾದ್’ ಎಂಬ ಕೇಂದ್ರ ರೂಪುಗೊಂಡಿತು. ಬಾಲಮಂದಿರದ ಸಿಬ್ಬಂದಿ, ಶಿಕ್ಷಕರು, ನ್ಯಾಯಾಂಗದವರು ಮೊದಲಾದವರಿಗೆ ಈ ತಿಳಿವಳಿಕೆ ಮುಟ್ಟಿಸುವುದು ಅದರ ಕೆಲಸ.

ಮಕ್ಕಳ ಆಟದ ಜಾಗ ಕುಗ್ಗಿದ್ದು ಹೇಗೆ ಎಂದು ತಿಳಿಯಲು ಪಶ್ಚಿಮ ಬೆಂಗಳೂರಿನ ಬಡಾವಣೆಗಳ ಬೆಳವಣಿಗೆಯನ್ನೂ ನೋಡಬೇಕು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಬಂದು, ಸ್ವಾತಂತ್ರ್ಯದ ಬೆನ್ನಲ್ಲೇ ರಾಜಾಜಿನಗರ ಕೈಗಾರಿಕಾ ಉಪನಗರವಾಗಿ ಬೆಳೆಯಿತು. ಸಾಬೂನು ಕಾರ್ಖಾನೆ, ಕಿರ್ಲೋಸ್ಕರ್, ಆಮೇಲೆ ಪೀಣ್ಯದ ನೂರಾರು ಘಟಕಗಳು. ಕಾರ್ಡ್ ರಸ್ತೆಯ ಪಶ್ಚಿಮಕ್ಕೆ ಮಹಾಲಕ್ಷ್ಮಿಪುರ, ನಾಗಪುರ, ಕುರುಬರಹಳ್ಳಿ, ಶಂಕರನಗರ, ನಂದಿನಿ ಲೇಔಟ್. ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತರ ಸೈಟುಗಳಲ್ಲಿ ಒಂದಂತಸ್ತಿನ ಮನೆ, ಮುಂದೊಂದು ಕಾಂಪೌಂಡು, ಕಟ್ಟದ ಖಾಲಿ ಸೈಟು. ಆ ಖಾಲಿ ಸೈಟು ಮಕ್ಕಳದಾಗಿತ್ತು. ನಿವೇಶನಗಳ ಬೆಲೆ ಏರಿದಂತೆ ಅವು ಮುಚ್ಚಿದವು, ಮನೆಗಳು ಮೂರು ನಾಲ್ಕು ಅಂತಸ್ತಾದವು, ಬೀದಿಯ ಎರಡೂ ಬದಿಗೆ ಕಾರು ಬೈಕು ನಿಂತವು. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸಲೆಂದೇ 1985ರಲ್ಲಿ ರಾಜ್ಯ ಒಂದು ಕಾಯ್ದೆ ಮಾಡಿತು ಎಂಬುದೇ ಅವು ಎಷ್ಟು ಬೇಗ ಕರಗುತ್ತಿದ್ದವು ಎಂಬುದಕ್ಕೆ ಸಾಕ್ಷಿ. 1997ರಲ್ಲಿ ಗುಡ್ಡದ ಮೇಲೆ ಇಸ್ಕಾನ್ ದೇವಾಲಯ ತೆರೆಯಿತು, 2014ರ ಮಾರ್ಚ್‌ನಲ್ಲಿ ಮೆಟ್ರೊ ಬಂತು. ಪರವೂರಿನವರೂ ಬಾಡಿಗೆದಾರರೂ ಹೆಚ್ಚಿದರು. ತಂದೆ-ತಾಯಿ ಇಬ್ಬರೂ ದುಡಿಯುವ ಮನೆಗಳಲ್ಲಿ ಸಂಜೆ ನಾಲ್ಕರಿಂದ ಏಳರವರೆಗೆ ಮಗು ಟ್ಯೂಷನ್ನಿನಲ್ಲಿ ಇಲ್ಲವೆ ಪರದೆಯ ಮುಂದೆ.

ಮೈದಾನ ಇಲ್ಲದ್ದರಿಂದಲೇ ಮಕ್ಕಳಿಗೆ ಮನೋರೋಗ ಬರುತ್ತದೆ ಎಂದು ಹೇಳಲಾಗದು, ಕಾರಣಗಳು ಹಲವು. ತೊಂದರೆ ಎಷ್ಟು ಹರಡಿದೆ ಎಂಬುದನ್ನು ಮಾತ್ರ ಅಳೆದು ನೋಡಲಾಗಿದೆ. ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ ಮತ್ತು ಹಳ್ಳಿಗಳ 16 ವರ್ಷದೊಳಗಿನ 2,064 ಮಕ್ಕಳನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 12.5ರಷ್ಟು ಮಕ್ಕಳಿಗೆ ಯಾವುದಾದರೊಂದು ಮಾನಸಿಕ ಸಮಸ್ಯೆ ಕಂಡುಬಂತು. ನಲವತ್ತು ಮಕ್ಕಳ ತರಗತಿಗೆ ಲೆಕ್ಕ ಹಾಕಿದರೆ ಐವರು. ಆ ಐವರಲ್ಲಿ ಎಲ್ಲರಿಗೂ ಆಟ-ಚಿಕಿತ್ಸೆಯೇ ಬೇಕು ಎಂದಲ್ಲ, ಆದರೆ ಐವರಿಗೂ ಯಾರಾದರೂ ಗಮನ ಕೊಡಬೇಕು. ಮಹಾಲಕ್ಷ್ಮಿ ಲೇಔಟ್‌ನಿಂದ ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ವಾರವಾರ ಮಗುವನ್ನು ಕರೆದೊಯ್ಯುವುದು ಎಂದರೆ ಊರು ದಾಟಿ ಹೋಗುವುದು. ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಿಗೆ ಅದು ಒಂದು ದಿನದ ಕೂಲಿ. ಚಿಕಿತ್ಸೆ ನಡುವೆ ನಿಂತುಹೋಗುವುದಕ್ಕೆ ಇಂಥ ಸಣ್ಣ ಕಾರಣಗಳೇ ಸಾಕು. ಬಡಾವಣೆಯ ಹತ್ತಿರದಲ್ಲೇ, ಶಾಲೆಯಲ್ಲೇ ಈ ಸೇವೆ ಸಿಗಬೇಕಾದದ್ದು ಅದಕ್ಕೇ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದಾಗ ಮಗುವಿನ ಕೈಯಿಂದ ಉಳಿದ ಬೀದಿಯೂ ಜಾರಿತು. ಶಾಲೆ ಮತ್ತೆ ತೆರೆದಾಗ ಅಮ್ಮನ ಸೆರಗು ಬಿಡದ, ಜೊತೆಯವರೊಡನೆ ಆಡಲು ಬಾರದ ಪುಟ್ಟ ಮಕ್ಕಳನ್ನು ಒಂದನೇ ತರಗತಿಯ ಶಿಕ್ಷಕಿಯರು ಎದುರಿಸಿದರು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ ನಿಮ್ಹಾನ್ಸ್ ಕೇಂದ್ರಸ್ಥಾನ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಫೋನಿನಲ್ಲಿ ಆಟ-ಚಿಕಿತ್ಸೆ ಸಾಧ್ಯವಿಲ್ಲ, ಎಲ್ಲಿಗೆ ಹೋಗಬೇಕು ಎಂಬ ದಾರಿ ಸಿಗುತ್ತದೆ.

ಈ ಚಿಕಿತ್ಸೆ ಫಲ ಕೊಡುತ್ತದೆಯೇ ಎಂಬ ಪ್ರಶ್ನೆಗೆ 2005ರಲ್ಲಿ ಅಮೆರಿಕದ ಸ್ಯೂ ಬ್ರಾಟನ್ ಮತ್ತು ಸಂಗಡಿಗರು 93 ಅಧ್ಯಯನಗಳನ್ನು ಒಟ್ಟುಗೂಡಿಸಿ ಉತ್ತರ ಹುಡುಕಿದರು. ಆಟ-ಚಿಕಿತ್ಸೆ ಪಡೆದ ಮಕ್ಕಳು ಪಡೆಯದವರಿಗಿಂತ ಸ್ಪಷ್ಟವಾಗಿ ಸುಧಾರಿಸಿದ್ದರು. ತರಬೇತಿ ಪಡೆದ ತಂದೆ-ತಾಯಿಯರೇ ಆಡಿಸಿದಾಗ ಫಲ ಇನ್ನೂ ಹೆಚ್ಚಾಗಿತ್ತು. ಆ ಅಧ್ಯಯನಗಳಲ್ಲಿ ಹಲವು ಚಿಕ್ಕವು ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಎಲ್ಲದಕ್ಕೂ ಆಟ-ಚಿಕಿತ್ಸೆಯೊಂದೇ ಸಾಲದು. ಮಾತು ತಡವಾದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಆಗಬೇಕು. ಆಟಿಸಂ ಇರುವ ಮಗುವಿಗೆ ಬೇರೆ ತರಬೇತಿಗಳೂ ಬೇಕು. ತೀವ್ರ ಖಿನ್ನತೆ ಇದ್ದರೆ ಮನೋವೈದ್ಯರು ಬೇಕು. ಮನೆಯಲ್ಲಿ ಹೊಡೆತ ನಿಲ್ಲದಿದ್ದರೆ ವಾರಕ್ಕೊಮ್ಮೆ ಎಷ್ಟು ಆಡಿಸಿದರೂ ಪ್ರಯೋಜನವಿಲ್ಲ.

ತಂದೆ-ತಾಯಿಯರಿಗೇ ಕಲಿಸುವ ಪದ್ಧತಿಯನ್ನು 1964ರಲ್ಲಿ ಬರ್ನಾರ್ಡ್ ಗರ್ನಿ ಮಂಡಿಸಿದರು. ಅದರ ವಿಧಾನ ಸರಳ: ವಾರಕ್ಕೊಮ್ಮೆ ಅರ್ಧ ಗಂಟೆ, ಫೋನು ಬದಿಗಿಟ್ಟು, ಒಂದು ಚಾಪೆ ಹಾಸಿ, ಈ ಹೊತ್ತಿಗೆಂದೇ ತೆಗೆದಿಟ್ಟ ಒಂದು ಡಬ್ಬಿ ಆಟಿಕೆ ಹರಡಿ, ಮಗು ಹೇಳಿದಂತೆ ಆಡುವುದು. ಅ ಆ ಇ ಈ ಕಲಿಸುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಜಾಣ ಎಂದು ಹೊಗಳುವುದೂ ಇಲ್ಲ. ಮಗು ಮಾಡುತ್ತಿರುವುದನ್ನು ಕಂಡಂತೆ ಹೇಳುವುದು ಮಾತ್ರ. ಮನೆಯವರನ್ನು ಜೊತೆಗಿಟ್ಟುಕೊಂಡೇ ಬೆಳೆದ ಬೆಂಗಳೂರಿನ ಪರಂಪರೆಗೆ ಇದು ಸುಲಭವಾಗಿ ಹೊಂದಿಕೊಂಡಿತು. ಹಾಲ್‌ನಲ್ಲೇ ಐವರು ಮಲಗುವ ಬಾಡಿಗೆ ಮನೆಯಲ್ಲೂ ಒಂದು ಚಾಪೆಗೆ ಜಾಗ ಸಿಗುತ್ತದೆ.

ಭಾರತದಲ್ಲಿ ಆಟ-ಚಿಕಿತ್ಸಕರಿಗೆಂದೇ ಪ್ರತ್ಯೇಕ ಸರ್ಕಾರಿ ಪರವಾನಗಿ ಇಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಆಪ್ತಸಮಾಲೋಚಕರಲ್ಲಿ ದೀರ್ಘ ತರಬೇತಿ ಪಡೆದವರೂ ಇದ್ದಾರೆ, ವಾರಾಂತ್ಯದ ಕೋರ್ಸ್ ಮುಗಿಸಿ ಬೋರ್ಡು ಹಾಕಿದವರೂ ಇದ್ದಾರೆ. ಮಗುವನ್ನು ಕರೆದೊಯ್ಯುವ ಮನೆಯವರು ಓದು ಏನು, ಮಕ್ಕಳ ಜೊತೆ ಎಲ್ಲಿ ತರಬೇತಿ ಆಯಿತು, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ನಡೆಯುತ್ತಿದೆ ಎಂದು ಕೇಳುವುದು ತಪ್ಪಲ್ಲ. ಸರಿಯಾದ ತರಬೇತಿ ಪಡೆದವರು ಆ ಪ್ರಶ್ನೆಗೆ ಬೇಸರಪಡುವುದಿಲ್ಲ, ಮತ್ತು ಇಷ್ಟೇ ವಾರಗಳಲ್ಲಿ ಮಗು ಸರಿಹೋಗುತ್ತದೆ ಎಂಬ ಭರವಸೆಯನ್ನೂ ಕೊಡುವುದಿಲ್ಲ.